ಡಬ್ಬದ ಕಣ್ಣು

ನನ್ನದು ಕ್ರೇನು. ಮಂಡ್ಯದ ಆಚೆ, ಬೈಪಾಸಿನ ಕೆಳಗೆ,
ಪಂಕ್ಚರ್ ಅಂಗಡಿಗೂ ಕಬ್ಬಿನ ಹಾಲಿನ ಗಾಡಿಗೂ ನಡುವೆ
ಹಳದಿ ಸುಲಿದು, ಕೊಕ್ಕೆ ತೂಗಿಸಿಕೊಂಡು ನಿಂತಿರುತ್ತದೆ.
ಬೇರೆಯವರ ಕೆಟ್ಟ ಗಳಿಗೆಯೇ ನನ್ನ ಬೋಣಿ.
ಹೇಳಿಕೊಳ್ಳಲು ನಾಚಿಕೆಯಿತ್ತು ಮೊದಲು;
ಈಗ ರಸೀತಿ ಪುಸ್ತಕವಿದೆ.

ಹೆದ್ದಾರಿಗೆ ಕಂಬ ನೆಟ್ಟು ಕ್ಯಾಮೆರಾ ಕೂರಿಸಿದ ವರ್ಷ
ಫೋನು ಬರುವುದು ಕಡಿಮೆಯಾಯಿತು.
ತಿಂಗಳಿಗೆ ಹದಿನಾರು ಗಾಡಿ ಎತ್ತುತ್ತಿದ್ದವನು
ಏಳು ಎತ್ತಿದೆ. ಒಂದು ತಿಂಗಳು ಐದು.
ಕಂತು ಕಟ್ಟಲು ಹೆಂಡತಿಯ ಓಲೆ ಅಡವಿಟ್ಟೆ.
ದಂಡ ಹಾಕಿದರೆ ಜೀವ ಉಳಿಯುತ್ತದಾ ಎಂದು ಯಾರಾದರೂ ಕೇಳಿದ್ದರೆ
ಆ ಅಡವಿನ ಚೀಟಿ ತೋರಿಸಬಹುದಿತ್ತು.

ಆದರೆ ಗಾಡಿಗಳು ನಿಧಾನವನ್ನು ಕಲಿಯಲಿಲ್ಲ,
ಕಂಬ ಎಲ್ಲಿದೆ ಎಂಬುದನ್ನು ಕಲಿತವು.
ನೂರಿಪ್ಪತ್ತರಲ್ಲಿ ಬಂದದ್ದು
ಹೆಡ್ಮಾಸ್ಟರ ಕೋಣೆ ಹಾಯುವ ಹುಡುಗನಂತೆ ತಲೆ ತಗ್ಗಿಸಿ
ಆಚೆ ಹೋಗಿ ಮತ್ತೆ ನೂರಿಪ್ಪತ್ತು.
ಕೆಲವು ಕೆಳಗಿಳಿದವು, ಊರ ರಸ್ತೆಗೆ.
ಅಲ್ಲಿ ಕಣ್ಣಿಲ್ಲ. ಹಿಂದಿನ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರಿದೆ,
ಹುಲ್ಲಿನ ಹೊರೆಯ ಕೆಳಗೆ ಯಾರದೋ ಕಾಲು ಮಾತ್ರ ನಡೆಯುತ್ತಿರುತ್ತದೆ.
ಫೋನು ಮತ್ತೆ ಬಂತು. ವಿಳಾಸ ಬೇರೆ.

ನಡುವೆ ನನಗೂ ಒಂದು ನೋಟಿಸು.
ಗೆಜ್ಜಲಗೆರೆ ಹತ್ತಿರ ಮಗುಚಿದ ಕಾರು ಎತ್ತಲು ಓಡುತ್ತಿದ್ದೆ;
ಕ್ರೇನು ಅಷ್ಟು ಓಡುತ್ತದೆಂದು ನನಗೇ ಗೊತ್ತಿರಲಿಲ್ಲ.
ಫೋಟೋ ಚೆನ್ನಾಗಿ ಬಂದಿತ್ತು. ಬಾಯಿ ತೆರೆದಿದ್ದೆ,
ಫೋನಿನಲ್ಲಿ ಯಾರಿಗೋ ‘ಬಂದೆ, ಬಂದೆ’ ಎನ್ನುತ್ತಿದ್ದೆನೇನೋ.
ಅರ್ಧಕ್ಕೆ ರಿಯಾಯಿತಿ ಬಿಟ್ಟಾಗ ಹೋಗಿ ಕಟ್ಟಿದೆ,
ನ್ಯಾಯಬೆಲೆ ಅಂಗಡಿಯಷ್ಟು ಉದ್ದದ ಸಾಲು.
ಮುಂದಿದ್ದವನ ಕೈಯಲ್ಲಿ ಹನ್ನೊಂದು. ನಗುತ್ತಿದ್ದ:
“ಸೇಲ್ ಬಂದಾಗ ಕಟ್ಬುಡೋದು ಕಣಣ್ಣ, ತಲೆ ಹೋಯ್ತದಾ?”
ಹೋಗುತ್ತದೆ. ನೋಡಿದ್ದೇನೆ.
ಹೇಳಲಿಲ್ಲ.

ಹುಣಸೆಕೊಪ್ಪಲಿನ ತಿರುವಿನಲ್ಲಿ ಅಂಗನವಾಡಿ.
ನಿಂಗಾಜಮ್ಮ ಎರಡು ಸಲ ಅರ್ಜಿ ಬರೆಸಿದಳು:
“ನಮ್ ತಿರುವ್ಗೂ ಒಂದ್ ಕಣ್ ಮಡುಗ್ಸಿ, ಸ್ವಾಮಿ.”
‘ಪರಿಶೀಲಿಸಲಾಗುವುದು’ ಎಂದು ಒಂದಕ್ಕೆ ಉತ್ತರ ಬಂತು.
ಆಗ ಪ್ಲಂಬರ್ ಮೊಗಣ್ಣ ನಾಲ್ಕಿಂಚಿನ ಪೈಪು ಕೊಯ್ದು,
ಬಿಸ್ಕತ್ತಿನ ಡಬ್ಬಕ್ಕೆ ಬಿಳಿ ಬಳಿದು,
ಮದುವೆಮನೆಯ ಸೀರಿಯಲ್ ಸೆಟ್ಟಿನಿಂದ ಒಂದು ಕೆಂಪು ಬಲ್ಬು ಕಿತ್ತು ಸಿಕ್ಕಿಸಿ,
ನನ್ನ ಕ್ರೇನಿನಲ್ಲೇ ಮೇಲೇರಿ ಕಂಬಕ್ಕೆ ಬಿಗಿದ.
ಬಾಡಿಗೆ ಕೇಳಲಿಲ್ಲ ನಾನು.
ಮಾರನೇ ದಿನ ಯಾರೋ ಅದಕ್ಕೊಂದು ನಿಂಬೆಹಣ್ಣು ಕಟ್ಟಿದ್ದರು,
ಕಣ್ಣಿಗೆ ಕಣ್ಣು ತಾಗದಿರಲೆಂದು.

ನಂಬಿ, ಬಿಡಿ: ಗಾಡಿಗಳು ತಗ್ಗಿದವು.
ಲಾರಿ, ಬುಲೆಟ್ಟು, ಸಕ್ಕರೆ ಕಾರ್ಖಾನೆಯ ಜೀಪು,
ಒಮ್ಮೆ ಪೊಲೀಸರ ಜೀಪೂ.
ಮಕ್ಕಳು ಮೊಟ್ಟೆ ಹಿಡಿದು ದಾಟಿದವು.

ಆಮೇಲೆ ಆ ತಿರುವಿನಲ್ಲಿ ನಾನು ಎತ್ತಿದ್ದು ಒಂದೇ ಗಾಡಿ.
ಶ್ರಾವಣದ ಸಂಜೆ. ಮೊಗಣ್ಣನ ಟೆಂಪೊ.
ಅದು ಬಿಸ್ಕತ್ತಿನ ಡಬ್ಬವೆಂದು
ಅವನಷ್ಟು ಚೆನ್ನಾಗಿ ಬಲ್ಲವರು ಇನ್ಯಾರು?
ತೊಡೆಯ ಮೂಳೆಗೆ ರಾಡು. ಮೂರು ತಿಂಗಳು ಹಾಸಿಗೆ.
ಕರು ಅಡ್ಡ ಬಂತು ಅಂದ.
ಆ ಕರು ದಿನಾ ಅಡ್ಡ ಬರುತ್ತದೆ.

ಈಗ ಟಿವಿಎಸ್ಸಿನಲ್ಲಿ ಆ ತಿರುವಿಗೆ ಬಂದರೆ
ಒಂದು ಕಾಲು ನೆಲಕ್ಕೆ ಇಳಿಬಿಟ್ಟು
ತಾನೇ ಬಣ್ಣ ಬಳಿದದ್ದರ ಕೆಳಗೆ ಇಪ್ಪತ್ತರಲ್ಲಿ ಹಾಯುತ್ತಾನೆ.
ಬಲ್ಬು ಕೆಟ್ಟು ವರ್ಷವಾಯಿತು,
ಪೈಪಿನೊಳಗೆ ಗೊರವಂಕ ಗೂಡು ಕಟ್ಟಿದೆ.
ಸುಳ್ಳು ಅಂತ ನಿನಗೇ ಗೊತ್ತಲ್ಲೋ ಎಂದೆ.
“ಡಬ್ಬ ಸುಳ್ಳು ಕಣ್ಲಾ,” ಅಂದ, “ರಾಡು ಸುಳ್ಳಾ?”

ರಾತ್ರಿ ಮನೆಯಲ್ಲಿ ಕೇಳಿದಳು, ಈ ತಿಂಗಳು ಎಷ್ಟು?
ಮೇಲೆ ಒಂದು, ಕೆಳಗೆ ಮೂರು ಎಂದೆ.
ಯಾರಿಗಾದರೂ ಏನಾದರೂ ಆಯ್ತಾ ಎಂದಳು.
ಇಲ್ಲ ಎಂದೆ. ಒಂದಕ್ಕೆ ಸುಳ್ಳು ಹೇಳಿದೆ.
ಬಗ್ಗಿ ಹಿಟ್ಟು ಇಟ್ಟಳು ತಟ್ಟೆಗೆ;
ಓಲೆಯಿಲ್ಲದ ಕಿವಿಯಲ್ಲಿ
ಬೇವಿನ ಕಡ್ಡಿ.